ಷಷ್ಟಿಪೂರ್ತಿಯ ಸಮುದ್ರಸ್ನಾನ

'ಟ್ರಯಥ್ಲಾನ್' ಎಂಬ ಶಬ್ದ ನಮ್ಮ ಓಣಿಯಲ್ಲಿ ಇನ್ನೂ ಯಾರ ನಾಲಿಗೆಗೂ ಸರಿಯಾಗಿ ಹೊಂದಿಕೊಂಡಿಲ್ಲ. ಹಾಲು ಕೊಡುವವನು 'ಟ್ರಯಲ್' ಅನ್ನುತ್ತಾನೆ. ಎದುರುಮನೆಯ ಹಿರಿಯರು 'ಅದ ನಿಮ್ಮ ಮೂರು ಆಟದ್ದು' ಅನ್ನುತ್ತಾರೆ. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ. ಗ್ರೀಕ್ ಮೂಲದಲ್ಲಿ 'ಟ್ರೈ' ಎಂದರೆ ಮೂರು, 'ಆಥ್ಲೋಸ್' ಎಂದರೆ ಸ್ಪರ್ಧೆ. ಅಂದಮೇಲೆ ಮೂರು ಆಟದ್ದೇ ಆಯಿತಲ್ಲ!

ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಬಿಡುವಿಲ್ಲ. ಒದ್ದೆ ಮೈ ಒರೆಸಿಕೊಂಡು ಬೂಟು ಹಾಕುವ ಹೊತ್ತೂ ಗಡಿಯಾರದ ಲೆಕ್ಕಕ್ಕೆ ಸೇರುತ್ತದೆ. ಈಜು ಮೊದಲೇ ಯಾಕೆ ಎಂದು ನನ್ನ ಮೊಮ್ಮಗಳು ಕೇಳಿದ್ದಳು. ದಣಿದ ಓಟಗಾರ ರಸ್ತೆಯ ಪಕ್ಕ ಕೂತುಕೊಳ್ಳಬಹುದು, ದಣಿದ ಈಜುಗಾರ ಎಲ್ಲಿ ಕೂರಬೇಕು? ಆದರೆ ಈ ಬುದ್ಧಿ ಮೊದಲಿನಿಂದ ಇರಲಿಲ್ಲ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬಲ್ಲಿ 46 ಜನ ಈ ಹೊಸ ಆಟ ಆಡಿದಾಗ ಓಟವೇ ಮೊದಲಿತ್ತು, ಈಜು ಕೊನೆಗಿತ್ತು. ಕೆಲಸ ಮುಗಿಸಿಕೊಂಡು ಬಂದವರ ಸಂಜೆಯ ಸ್ಪರ್ಧೆ ಅದು. ಕತ್ತಲಾಗಿ, ಹಿಂದೆ ಉಳಿದವರು ದಡಕ್ಕೆ ಬರಲು ಕಾರಿನ ದೀಪ ಹಚ್ಚಿ ದಾರಿ ತೋರಿಸಬೇಕಾಯಿತು.

ನಾಲ್ಕು ವರ್ಷದ ನಂತರ ಹವಾಯಿಯ ಒಂದು ದ್ವೀಪದಲ್ಲಿ ಇನ್ನೊಂದು ತಮಾಷೆ ನಡೆಯಿತು. ಈಜುವವನು ಗಟ್ಟಿಯೋ, ಓಡುವವನು ಗಟ್ಟಿಯೋ, ಸೈಕಲ್ ತುಳಿಯುವವನು ಗಟ್ಟಿಯೋ ಎಂದು ಆಟಗಾರರ ನಡುವೆ ವಾದ ಹತ್ತಿತು. ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ, ಆ ದ್ವೀಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ದೊಡ್ಡ ಸ್ಪರ್ಧೆಗಳನ್ನು ಒಂದೇ ದಿನ ಬೆನ್ನುಬೆನ್ನಿಗೆ ಇಟ್ಟರೆ ತೀರ್ಮಾನವಾಗುತ್ತದಲ್ಲ ಎಂದ. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. 1978ರ ಫೆಬ್ರುವರಿಯಲ್ಲಿ 15 ಜನ ಹೊರಟರು, 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್‌ಗೆ ಹನ್ನೊಂದು ಮುಕ್ಕಾಲು ಗಂಟೆ ಹಿಡಿಯಿತು. ಅದಕ್ಕೆ 'ಐರನ್‌ಮ್ಯಾನ್' ಎಂದು ಹೆಸರಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಟ್ರಯಥ್ಲಾನ್ ಸೇರಿತು. ಅಲ್ಲಿ ದೂರ ಕಡಿಮೆ: ಒಂದೂವರೆ ಕಿಲೋಮೀಟರ್ ಈಜು, 40 ಸೈಕಲ್, 10 ಓಟ. ವಾದ ಮಾತ್ರ ಇನ್ನೂ ಮುಗಿದಂತಿಲ್ಲ.

ನಾನು ಮಾಡಿದ್ದು ಹವಾಯಿಯ ದೂರದ ಅರ್ಧದ್ದು. ಅದಕ್ಕೆ 'ಐರನ್‌ಮ್ಯಾನ್ 70.3' ಎನ್ನುತ್ತಾರೆ. ಮೂರೂ ಸೇರಿದರೆ 70.3 ಮೈಲಿ, ಅಂದರೆ ಸುಮಾರು 113 ಕಿಲೋಮೀಟರ್. 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. 2019ರಲ್ಲಿ ಭಾರತದಲ್ಲಿ ಮೊದಲ ಸಲ ಇದು ಗೋವಾದಲ್ಲಿ ನಡೆಯಿತು. ಧಾರವಾಡದವನಾದ ನನಗೆ ಗೋವಾ ಎಂದರೆ ಘಟ್ಟ ಇಳಿದರೆ ಬರುವ ಊರು.

ನಾನು ಆಟಗಾರನಲ್ಲ. ಸಾರಿಗೆ ಸಂಸ್ಥೆಯ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದ ಮೆಕ್ಯಾನಿಕ್. ನಿವೃತ್ತಿಯಾದ ವರ್ಷವೇ ಮಕ್ಕಳು ಷಷ್ಟಿಪೂರ್ತಿ ಶಾಂತಿ ಮಾಡಿಸಬೇಕೆಂದು ಹಟ ಹಿಡಿದರು. ಕಾಣಿಕೆ ಏನು ಬೇಕು ಎಂದು ಕೇಳಿದಾಗ, ಈ ಸ್ಪರ್ಧೆಯ ಪ್ರವೇಶ ಶುಲ್ಕ ಕಟ್ಟಿರಿ ಎಂದೆ. ಶುಲ್ಕ ಅಗ್ಗದ್ದಲ್ಲ, ಪಿಂಚಣಿಯಲ್ಲಿ ನಾನೇ ಕಟ್ಟುವಂಥದ್ದೂ ಅಲ್ಲ. ಮಗ, ಮಗಳು ಇಬ್ಬರೂ ತಮ್ಮ ತಾಯಿಯ ಮುಖ ನೋಡಿದರು.

"ಹೋಮಾನೂ ಆಗ್ಲಿ, ನಿಮ್ಮ ಸಮುದ್ರಾನೂ ಆಗ್ಲಿ. ಆದ್ರ ಡಾಕ್ಟರ್ ಹೂಂ ಅಂದ ಮ್ಯಾಲೆ," ಎಂದಳು ನಮ್ಮಾಕೆ.

ಡಾಕ್ಟರು ರಕ್ತದೊತ್ತಡ ನೋಡಿದರು, ಇಸಿಜಿ ತೆಗೆದರು, ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯದ ಪರೀಕ್ಷೆ ಮಾಡಿದರು. ಹತ್ತು ತಿಂಗಳು ತಯಾರಿ ಮಾಡುವುದಾದರೆ ಹೋಗಿ, ಎರಡು ತಿಂಗಳಿನದಾದರೆ ಬೇಡ ಎಂದರು. ನನ್ನ ಓರಗೆಯ ಅಜ್ಜ-ಅಜ್ಜಿಯರು ಯಾರಾದರೂ ಇದನ್ನು ಓದಿ ಹುಮ್ಮಸ್ಸು ತಂದುಕೊಂಡರೆ, ಈ ಪರೀಕ್ಷೆಯಿಂದಲೇ ಶುರುಮಾಡಬೇಕು.

ಅರವತ್ತು ಹೆಚ್ಚಾಯಿತು ಎನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. ಅಮೆರಿಕದ ಮಡೋನಾ ಬ್ಯೂಡರ್ ಒಬ್ಬ ಕ್ರೈಸ್ತ ಸಂನ್ಯಾಸಿನಿ. ಟ್ರಯಥ್ಲಾನಿಗೆ ಕಾಲಿಟ್ಟಾಗಲೇ ಐವತ್ತು ದಾಟಿದ್ದ ಆಕೆ 2012ರಲ್ಲಿ ತಮ್ಮ 82ನೇ ವಯಸ್ಸಿನಲ್ಲಿ ಪೂರ್ಣ ಐರನ್‌ಮ್ಯಾನ್ ಮುಗಿಸಿದರು. ಜಪಾನಿನ ಹಿರೋಮು ಇನಾದಾ 2018ರಲ್ಲಿ ಹವಾಯಿಯಲ್ಲಿ ಅದೇ ದೂರವನ್ನು ಮುಗಿಸಿದಾಗ ಅವರಿಗೆ 85. ಅವರ ಮುಂದೆ ನಾನು ಬಾಲವಾಡಿಯ ಹುಡುಗ.

ಬಾವಿಯ ಈಜು, ಕೊಳದ ಈಜು

ಈಜು ನನಗೆ ಬರುತ್ತಿತ್ತು ಎಂದೇ ನನ್ನ ಲೆಕ್ಕ. ಹತ್ತು ವರ್ಷದವನಿದ್ದಾಗ ತೋಟದ ಬಾವಿಯಲ್ಲಿ, ಸೊಂಟಕ್ಕೆ ಕತ್ತಾಳೆಯ ಬೆಂಡು ಕಟ್ಟಿ ಸೋದರಮಾವ ನನ್ನನ್ನು ಮೆಟ್ಟಿಲಿನಿಂದ ನೂಕಿದ್ದ. ನಾಲ್ಕು ದಿನಕ್ಕೆ ಒಂದು ಬೆಂಡು ಬಿಚ್ಚಿದ, ಎಂಟು ದಿನಕ್ಕೆ ಎರಡನೆಯದು. ಆದರೆ ಬಾವಿಯ ಈಜೆಂದರೆ ತಲೆ ನೀರಿನ ಮೇಲೆತ್ತಿ ಕಾಲು ಬಡಿಯುವುದು. ನೂರು ಮೀಟರಿಗೆ ತೊಡೆ ಸೋತುಹೋಗುತ್ತದೆ. ಮುಂದೆ ಸೈಕಲ್, ಓಟ ಎರಡೂ ಕಾಯುತ್ತಿರುವಾಗ ಕಾಲನ್ನು ನೀರಿನಲ್ಲೇ ಖರ್ಚು ಮಾಡಿಬಿಟ್ಟರೆ ಹೇಗೆ?

ಈಜುಕೊಳದ ತರಬೇತುದಾರ ಇಪ್ಪತ್ತೈದರ ಹುಡುಗ. "ಕಾಕಾ, ಮಾರಿ ನೀರಾಗ ಇಡ್ರಿ. ಉಸಿರು ನೀರೊಳಗ ಬಿಡ್ರಿ, ತಗೊಳ್ಳೂದಷ್ಟ ಮ್ಯಾಲೆ," ಎಂದು ದಿನಕ್ಕೆ ಐವತ್ತು ಸಲ ಹೇಳಿದ. ಐವತ್ತು ವರ್ಷದ ಅಭ್ಯಾಸ ಬಿಡಿಸಲು ಮೂರು ತಿಂಗಳು ಬೇಕಾಯಿತು. ಮುಖ ನೀರಿಗಿಟ್ಟರೆ ಕಾಲು ತಾನಾಗಿ ಮೇಲೇಳುತ್ತದೆ, ಮೈ ಹಲಗೆಯಂತೆ ತೇಲುತ್ತದೆ, ಕೈಗಳೇ ಎಳೆದುಕೊಂಡು ಹೋಗುತ್ತವೆ. 50 ಮೀಟರಿನ ಕೊಳದಲ್ಲಿ 38 ಸಲ ಆಚೆ-ಈಚೆ ಹೋದರೆ 1.9 ಕಿಲೋಮೀಟರ್. ಅದನ್ನು ನಿಲ್ಲದೆ ಮುಗಿಸಿದ ದಿನ ಆ ಹುಡುಗ ನನಗೆ ಚಹಾ ಕುಡಿಸಿದ.

ಸೈಕಲ್ಲಿನ ತಯಾರಿ ಬೆಳಗಾವಿ ರಸ್ತೆಯಲ್ಲಿ. ಕಿತ್ತೂರಿಗೆ ಹೋಗಿ ಬಂದರೆ ಅರವತ್ತು ಕಿಲೋಮೀಟರಿಗೂ ಮಿಕ್ಕು. ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೂರದೆ, ಕೂಡಲೇ ಇಪ್ಪತ್ತು ನಿಮಿಷ ಓಡಬೇಕು. ಇದಕ್ಕೆ ಆಟಗಾರರು 'ಬ್ರಿಕ್', ಅಂದರೆ ಇಟ್ಟಿಗೆ, ಎನ್ನುತ್ತಾರೆ. ಮಾಡಿ ನೋಡಿದವರಿಗೆ ಆ ಹೆಸರು ಯಾಕೆಂದು ಬೇರೆ ಹೇಳಬೇಕಾಗಿಲ್ಲ. ಗಂಟೆಗಟ್ಟಲೆ ಪೆಡಲ್ಲಿನ ಮೇಲೆ ಗುಂಡಗೆ ತಿರುಗಿದ ಕಾಲು, ನೆಲಕ್ಕಿಳಿದು ಮೈಭಾರ ಹೊತ್ತು ಓಡು ಎಂದಾಗ ನಂಬುವುದೇ ಇಲ್ಲ. ಬೇರೆ ಯಾರದೋ ಕಾಲು ತಂದು ಜೋಡಿಸಿದಂತಿರುತ್ತದೆ. ನನ್ನ ಮೊಮ್ಮಗಳು ಅಂಗಳದಲ್ಲಿ ನಿಂತು, "ಅಜ್ಜಾ, ನೀ ಕೋಳಿ ಹಂಗ ಓಡಾಕತ್ತಿ," ಎಂದು ನಗುತ್ತಿದ್ದಳು.

ಮೀರಾಮಾರಿನ ಬೆಳಗು

ಪಣಜಿಯ ಮೀರಾಮಾರ್ ಕಡಲತೀರ, ಮಾಂಡವಿ ನದಿ ಅರಬ್ಬಿ ಸಮುದ್ರಕ್ಕೆ ಸೇರುವ ಜಾಗದ ಪಕ್ಕದಲ್ಲಿದೆ. ಹಿಂದಿನ ದಿನವೇ ಸೈಕಲ್ಲನ್ನು ತಂದು ಅದರ ಅಡ್ಡಪಟ್ಟಿಗೆ ನೇತುಹಾಕಿ ಹೋಗಬೇಕು. ಸಾಲುಸಾಲಾಗಿ ನೂರಾರು ಸೈಕಲ್ಲು. ಕೆಲವುಗಳ ಬೆಲೆಯಲ್ಲಿ ನಮ್ಮ ಓಣಿಯಲ್ಲಿ ಕಾರು ಬರುತ್ತದೆ. ನನ್ನದು ಹಳೆಯದು ಕೊಂಡು ನಾನೇ ಬೇರಿಂಗ್, ಚೈನು ಎಲ್ಲ ಬಿಚ್ಚಿ ಜೋಡಿಸಿದ್ದು. ಪಕ್ಕದಲ್ಲಿ ಸೈಕಲ್ ನಿಲ್ಲಿಸಿದ್ದ ಕಾಲೇಜು ಮುಗಿಸಿದ ಹುಡುಗನೊಬ್ಬ, ಬೆಳಗಾವಿ ಕಡೆಯವನು, "ಕಾಕಾ, ನನ್ನ ಗೇರ್ ಕಟಕಟ ಅನ್ನಾಕತ್ತದ, ಸ್ವಲ್ಪ ನೋಡ್ತೀರೇನು?" ಎಂದ. ಗೇರಿನ ತಂತಿ ಸಡಿಲಾಗಿತ್ತು. ಬಿಗಿ ಮಾಡಿಕೊಟ್ಟೆ.

ಬೆಳಿಗ್ಗೆ ಎಲ್ಲರ ಕಣಕಾಲಿಗೂ ಒಂದು ಪಟ್ಟಿ ಕಟ್ಟುತ್ತಾರೆ, ಅದರಲ್ಲಿ ಚಿಪ್ ಇರುತ್ತದೆ. ನೆಲದ ಮೇಲೆ ಹಾಸಿದ ಚಾಪೆಯಂಥದನ್ನು ದಾಟಿದಾಗಲೆಲ್ಲ ನಮ್ಮ ಹೊತ್ತು ದಾಖಲಾಗುತ್ತದೆ. ಕೆಲವೇ ಜನರನ್ನು ಕೆಲವು ಸೆಕೆಂಡಿಗೊಮ್ಮೆ ನೀರಿಗೆ ಬಿಡುವುದರಿಂದ ಒಬ್ಬೊಬ್ಬರ ಗಡಿಯಾರ ಬೇರೆ. ಹೊರಟ ಮೇಲೆ ಮೂರು ಗೆರೆ ದಾಟಬೇಕು: ಈಜು 1 ಗಂಟೆ 10 ನಿಮಿಷದೊಳಗೆ, ಈಜು-ಸೈಕಲ್ ಎರಡೂ ಸೇರಿ 5 ಗಂಟೆ 30 ನಿಮಿಷದೊಳಗೆ, ಎಲ್ಲ ಸೇರಿ 8 ಗಂಟೆ 30 ನಿಮಿಷದೊಳಗೆ. ಮೊದಲ ಸ್ಥಾನಕ್ಕೆ ಬರುವವರು ಬೇರೆಯೇ ಜನ. ನನ್ನಂಥವರ ಸ್ಪರ್ಧೆ ಈ ಮೂರು ಗೆರೆಯ ಜೊತೆ.

ಕಾರವಾರದಲ್ಲಿ ನಾಲ್ಕಾರು ಸಲ ಸಮುದ್ರಕ್ಕಿಳಿದು ಅಭ್ಯಾಸ ಮಾಡಿದ್ದೆ. ಉಪ್ಪುನೀರು ಮೈಯನ್ನು ಚೆನ್ನಾಗಿ ಎತ್ತಿ ಹಿಡಿಯುತ್ತದೆ ಎನ್ನುವುದೂ ಗೊತ್ತಿತ್ತು. ಆದರೆ ಸುತ್ತ ಇಷ್ಟು ಜನರ ಕೈಕಾಲು ಬಡಿಯುತ್ತಿರುವಾಗ ಈಜಿದ್ದು ಅದೇ ಮೊದಲು. ಇನ್ನೂರು ಮೀಟರ್ ಹೋಗಿರಬೇಕು, ಯಾರದೋ ಹಿಮ್ಮಡಿ ನನ್ನ ಕನ್ನಡಕಕ್ಕೆ ತಾಗಿತು. ಅದೇ ಹೊತ್ತಿಗೆ ಒಂದು ಅಲೆ ಬಾಯೊಳಗೆ ಬಂತು. ಎದೆ ಡವಗುಟ್ಟತೊಡಗಿತು. ಕೊಳದಲ್ಲಾದರೆ ಅಂಚು ಹಿಡಿಯಬಹುದು, ಬಾವಿಯಲ್ಲಾದರೆ ಮೆಟ್ಟಿಲು ಹಿಡಿಯಬಹುದು. ಇಲ್ಲಿ ಕಣ್ಣಿಗೆ ಕಂಡಿದ್ದು ನೀರು, ಮತ್ತೆ ನೀರು.

ಅಂಗಾತ ತಿರುಗಿ ಆಕಾಶ ನೋಡುತ್ತ ತೇಲಿದೆ. ಹತ್ತು ಉಸಿರು ಎಣಿಸಿದೆ. ಸ್ವಲ್ಪ ದೂರದಲ್ಲಿ ಕಾವಲಿಗೆಂದು ನಿಂತಿದ್ದ ಸಣ್ಣ ದೋಣಿ, ಕಯಾಕ್ ಎನ್ನುತ್ತಾರೆ ಅದಕ್ಕೆ, ಹತ್ತಿರ ಬಂತು. ಅದನ್ನು ಹಿಡಿದು ನಿಲ್ಲಬಹುದು, ಅದು ನಮ್ಮನ್ನು ಮುಂದಕ್ಕೆ ಎಳೆಯುವಂತಿಲ್ಲ ಅಷ್ಟೆ, ನಿಯಮವೇ ಹಾಗಿದೆ. ಅರ್ಧ ನಿಮಿಷ ಹಿಡಿದು ಕನ್ನಡಕದ ನೀರು ಚೆಲ್ಲಿ ಬಿಟ್ಟೆ. ಆಮೇಲೆ ಎಂಟು ಸಲ ಕೈ ಎಳೆದಾಗೊಮ್ಮೆ ತಲೆ ಸ್ವಲ್ಪ ಎತ್ತಿ, ದಾರಿಗೆ ಗುರುತಾಗಿ ತೇಲಬಿಟ್ಟ ದೊಡ್ಡ ಬುಗ್ಗೆ ಎಲ್ಲಿದೆ ಎಂದು ನೋಡುವುದು, ಮತ್ತೆ ಮುಖ ನೀರಿಗೆ. ಸಮುದ್ರದಲ್ಲಿ ಗೆರೆ ಎಳೆದಿರುವುದಿಲ್ಲ. ನೋಡದೆ ಈಜಿದರೆ 1.9 ಕಿಲೋಮೀಟರ್ ಎರಡೂವರೆ ಆಗುತ್ತದೆ.

ಮರಳು ಕಾಲಿಗೆ ತಾಗಿದಾಗ 58 ನಿಮಿಷ ಆಗಿತ್ತು. ಎದ್ದು ನಿಂತರೆ ತಲೆ ಗಿರ್ರೆಂದಿತು. ಒಂದು ಗಂಟೆ ಅಡ್ಡವಾಗಿದ್ದ ಮೈ ಒಮ್ಮೆಲೇ ನೇರವಾದರೆ ರಕ್ತ ಕೆಳಗಿಳಿದು ಹಾಗಾಗುತ್ತದಂತೆ. ನಾಲ್ಕು ಹೆಜ್ಜೆ ನಡೆದು ಆಮೇಲೆ ಓಡು ಎಂದು ತರಬೇತುದಾರ ಹೇಳಿಕೊಟ್ಟಿದ್ದ.

ಸೈಕಲ್ಲಿನಲ್ಲಿ ನನಗೆ ಹೆದರಿಕೆಯಿರಲಿಲ್ಲ. ನಿಯಮಗಳು ಮಾತ್ರ ಬಹಳ. ಹೆಲ್ಮೆಟ್ಟಿನ ಕೊಂಡಿ ಹಾಕದೆ ಸೈಕಲ್ ಮುಟ್ಟುವಂತಿಲ್ಲ. ಗೆರೆ ದಾಟುವ ತನಕ ಹತ್ತುವಂತಿಲ್ಲ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗಿ ಸುಲಭವಾಗುತ್ತದಲ್ಲ, ಅದೂ ಇಲ್ಲ. 12 ಮೀಟರ್ ಅಂತರ ಬಿಡಬೇಕು. ಎಷ್ಟೇ ಜನರಿದ್ದರೂ ಎದುರುಗಾಳಿಯನ್ನು ಒಬ್ಬೊಬ್ಬರೇ ಸೀಳಿಕೊಂಡು ಹೋಗಬೇಕು.

ಹೊಟ್ಟೆಯ ಲೆಕ್ಕವೂ ಇಲ್ಲೇ. ಮೈಯೊಳಗೆ ಕೂಡಿಟ್ಟ ಸಕ್ಕರೆಯ ಅಂಶ ಗಟ್ಟಿ ದುಡಿದರೆ ಒಂದೂವರೆ-ಎರಡು ಗಂಟೆಗೆ ಮುಗಿಯುತ್ತದೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ತುಳಿಯುತ್ತಲೇ ತಿನ್ನಬೇಕು. ಹುಡುಗರು ಪೊಟ್ಟಣದ ಜೆಲ್ ಹೀರುತ್ತಾರೆ. ನನ್ನ ಜೇಬಿನಲ್ಲಿ ಬೀಜ ತೆಗೆದ ಖರ್ಜೂರ, ಬಾಳೆಹಣ್ಣಿನ ತುಂಡು. ಬಾಟಲಿಯಲ್ಲಿ ಬೆಲ್ಲ, ಉಪ್ಪು, ನಿಂಬೆಯ ಪಾನಕ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಉಪ್ಪು ತೆಳುವಾಗಿ ಅಪಾಯವಾಗಬಹುದು.

62ನೇ ಕಿಲೋಮೀಟರಿನಲ್ಲಿ ಹಿಂದಿನ ಚಕ್ರ ಉಸ್ಸೆಂದಿತು. ಪಂಚರ್. ಹೊರಗಿನವರ ಸಹಾಯ ಪಡೆಯುವಂತಿಲ್ಲ. ಪಕ್ಕಕ್ಕೆ ನಿಂತು ಚಕ್ರ ಬಿಚ್ಚಿದೆ. ಟಯರಿನ ಒಳಗೆ ಬೆರಳಾಡಿಸಿ ನೋಡಿದರೆ ಕೂದಲಿನಷ್ಟು ತೆಳ್ಳಗಿನ ತಂತಿಯ ಚೂರು. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಐದು ನಿಮಿಷದಲ್ಲಿ ಅದೂ ಹೋಗುತ್ತಿತ್ತು. ಒಂಬತ್ತು ನಿಮಿಷಕ್ಕೆ ಮತ್ತೆ ಹತ್ತಿದೆ. ಮೂವತ್ತನಾಲ್ಕು ವರ್ಷ ಡಿಪೋದಲ್ಲಿ ಕೈ ಕಪ್ಪು ಮಾಡಿಕೊಂಡಿದ್ದು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಸೈಕಲ್ ಇಳಿದಾಗ 5 ಗಂಟೆ 5 ನಿಮಿಷ. ಎರಡನೆಯ ಗೆರೆಗೆ ಇನ್ನೂ 25 ನಿಮಿಷ ಬಾಕಿ. ಪಕ್ಕದ ಜಾಗ ಖಾಲಿ. ಗೇರಿನ ಹುಡುಗ ಇನ್ನೂ ಬಂದಿರಲಿಲ್ಲ.

ಬೂಟು ಬದಲಿಸಿ, ತಲೆಗೆ ನೀರು ಹೊಯ್ದುಕೊಂಡು ಹೊರಡುವಾಗ 5 ಗಂಟೆ 15 ನಿಮಿಷ. ಕೋಳಿಯ ಕಾಲು ಎರಡು ಕಿಲೋಮೀಟರಿಗೆ ನನ್ನ ಕಾಲಾಯಿತು. ಆದರೆ ಬಿಸಿಲು ಏರಿತ್ತು. ಧಾರವಾಡದ ಗಾಳಿಗೆ ಬೇಗ ಒಣಗುವ ಪಂಚೆ ಕರಾವಳಿಯಲ್ಲಿ ಸಂಜೆಯವರೆಗೂ ತೇವವಾಗಿರುತ್ತದೆ. ಮೈಯ ಬೆವರಿನದೂ ಅದೇ ಕಥೆ. ಬೆವರು ಆರಿದರೆ ತಾನೇ ತಂಪು? ಗಾಳಿಯಲ್ಲೇ ತೇವವಿದ್ದಾಗ ಅದು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ನೀರು, ಮಂಜುಗಡ್ಡೆ ಹಿಡಿದು ದಾರಿಯಲ್ಲಿ ನಿಂತಿದ್ದ ಸ್ವಯಂಸೇವಕ ಮಕ್ಕಳು ಪುಣ್ಯವಂತರು. ಪ್ರತಿ ಸಲವೂ ಒಂದು ಮಂಜಿನ ತುಂಡು ಟೋಪಿಯೊಳಗೆ ಇಟ್ಟುಕೊಂಡೆ.

ಹದಿನಾರನೇ ಕಿಲೋಮೀಟರಿನಲ್ಲಿ ಎಡಗಾಲ ಮೀನಖಂಡ ಹಿಡಿದುಕೊಂಡಿತು. ಗಡಿಯಾರದಲ್ಲಿ 7 ಗಂಟೆ 32 ನಿಮಿಷ. ಉಳಿದದ್ದು 5.1 ಕಿಲೋಮೀಟರ್, 58 ನಿಮಿಷ. ಆರಾಮಾಗಿ ನಡೆದರೆ ಸಾಲದು, ಓಡಿದರೆ ಕಾಲು ನಿಲ್ಲಿಸಿಬಿಡುತ್ತದೆ. ಕಂಬ ಹಿಡಿದು ಹಿಮ್ಮಡಿ ನೆಲಕ್ಕೊತ್ತಿ ನರ ಎಳೆಯುತ್ತ ನಿಂತಾಗ, ಬೇಲಿಯಾಚೆ ಮೊಮ್ಮಗಳು ಕಂಡಳು. ಕೈಯಲ್ಲಿ ಅವಳೇ ಬರೆದ ರಟ್ಟು: 'ಅಜ್ಜಾ ಓಡು!' ಕೆಳಗೆ ಸಣ್ಣ ಅಕ್ಷರದಲ್ಲಿ, 'ನಡದ್ರೂ ನಡೀತದ.'

ಜೊತೆಗೆ ಬರುತ್ತೇನೆಂದು ಬೇಲಿ ದಾಟಲು ಹೊರಟವಳನ್ನು ನಮ್ಮಾಕೆ ಹಿಡಿದು ನಿಲ್ಲಿಸಿದಳು. "ಬ್ಯಾಡವಾ, ನೀ ಜೋಡಿ ಓಡಿದ್ರ ಅಜ್ಜನ್ನ ಆಟದಾಗಿಂದ ತಗದಬಿಡ್ತಾರ." ನಿಯಮದ ಪುಸ್ತಕವನ್ನು ನನಗಿಂತ ಚೆನ್ನಾಗಿ ಓದಿಕೊಂಡು ಬಂದಿದ್ದಳು.

ಐವತ್ತು ಹೆಜ್ಜೆ ಬಿರುಸಾಗಿ ನಡೆಯುವುದು, ಇಪ್ಪತ್ತು ಹೆಜ್ಜೆ ಕುಂಟುತ್ತ ಓಡುವುದು. ಐವತ್ತು, ಇಪ್ಪತ್ತು. ನೋವು ಹೆಚ್ಚಾದರೆ ಇಪ್ಪತ್ತನ್ನು ಹತ್ತು ಮಾಡುವುದು. ಬೇರೆ ಯಾವ ಯೋಚನೆಯೂ ತಲೆಯಲ್ಲಿರಲಿಲ್ಲ, ಅಂಕಿ ಮಾತ್ರ. ಒಂದು ತಿರುವಿನಲ್ಲಿ "ಕಾಕಾ! ಕಾಕಾ!" ಎಂಬ ಕೂಗು ಕೇಳಿತು. ಗೇರಿನ ಹುಡುಗ, ರಸ್ತೆಯ ಬದಿಯ ಕಟ್ಟೆಯ ಮೇಲೆ ನಿಂತಿದ್ದ. ಸೈಕಲ್ಲಿನಿಂದ ಇಳಿಯುವಾಗ ಅವನ ಗಡಿಯಾರದಲ್ಲಿ ಐದೂವರೆ ಗಂಟೆ ಮೀರಿ ಮೂರು ನಿಮಿಷವಾಗಿತ್ತು, ಅಲ್ಲಿಗೆ ನಿಲ್ಲಿಸಿದ್ದರು. ಬಿಸಿಲಿನಲ್ಲಿ ಎರಡು ತಾಸು ನಿಂತು, ಹಾದುಹೋಗುವ ಪ್ರತಿಯೊಬ್ಬರಿಗೂ ಚಪ್ಪಾಳೆ ತಟ್ಟುತ್ತಿದ್ದ. ಆ ಚಪ್ಪಾಳೆ ನನಗೆ ಸಂಕಟ ತಂದಿತೋ ಬಲ ತಂದಿತೋ, ಈಗಲೂ ಹೇಳಲಾರೆ.

ಮುಗಿಸುವ ಕಮಾನಿನ ಕೆಳಗೆ ಕಾಲಿಟ್ಟಾಗ ನನ್ನ ಗಡಿಯಾರದಲ್ಲಿ 8 ಗಂಟೆ 26 ನಿಮಿಷ. ನಾಲ್ಕು ನಿಮಿಷ ಉಳಿದಿತ್ತು. ಕೊರಳಿಗೆ ಪದಕ ಹಾಕಿದ ಹುಡುಗಿ ಬಗ್ಗಿ ಕಾಲು ಮುಟ್ಟಿದಳು. ನಮಸ್ಕಾರಕ್ಕೆಂದು ತಿಳಿದು ಆಶೀರ್ವಾದ ಮಾಡಲು ಕೈ ಎತ್ತಿದೆ. ಅವಳು ಕಣಕಾಲಿನ ಚಿಪ್ ಬಿಚ್ಚಿಕೊಳ್ಳುತ್ತಿದ್ದಳು!

ಕಮಾನಿನ ಆಚೆ ನೆರಳಿನಲ್ಲಿ ನಮ್ಮಾಕೆ ಬುತ್ತಿ ಬಿಚ್ಚಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಗೇರಿನ ಹುಡುಗನೂ ಹುಡುಕಿಕೊಂಡು ಬಂದ. ಅವನ ಕೈಗೂ ಒಂದು ರೊಟ್ಟಿ ಬಂತು. ಮೊಮ್ಮಗಳು ಪದಕ ತನ್ನ ಕೊರಳಿಗೆ ಹಾಕಿಕೊಂಡು, ಅದು ಎಷ್ಟು ಭಾರ ಎಂದು ಅವನಿಗೆ ಎತ್ತಿ ನೋಡಲು ಕೊಟ್ಟಳು. ಅವನು ತೂಗಿ ನೋಡಿ ವಾಪಸ್ ಕೊಟ್ಟ.

"ಮುಂದಿನ ವರ್ಷ ನಾ ಬರಾಂವ, ಕಾಕಾ. ನೀವೂ ಬರ್ತೀರಲ್ಲ?" ಎಂದ.

ನಾನು ನಮ್ಮಾಕೆಯ ಕಡೆ ನೋಡಿದೆ. ಅವಳು ನನ್ನ ಕಾಲು ಎಳೆದುಕೊಂಡು ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ. "ಡಾಕ್ಟರ್ ಹೂಂ ಅಂದ ಮ್ಯಾಲೆ," ಎಂದಳು.